ಆಟಿಸಂ ಇರುವ ಮಗುವಿನೊಂದಿಗೆ ಮಂಗಳೂರಿನಲ್ಲಿ ಬಾಡಿಗೆ ಮನೆ: ಮಾಲೀಕರಿಗೆ ಮೊದಲೇ ಹೇಳಬೇಕೇ?

ಪ್ರಶ್ನೆ – ಕಂಕನಾಡಿಯ ಒಬ್ಬ ತಾಯಿ

ಎಲ್ಲರಿಗೂ ನಮಸ್ಕಾರ. ನಮ್ಮ ಮಗನಿಗೆ ಈಗ 7 ವರ್ಷ. ಮೂರು ತುಂಬಿದ ಮೇಲೆ ಅವನಿಗೆ ಆಟಿಸಂ ಇದೆಯೆಂದು ವೈದ್ಯರು ಗುರುತಿಸಿದರು. ಮಾತು ಹತ್ತು ಹದಿನೈದು ಪದಗಳಷ್ಟೇ, ಆದರೆ ನಾವು ಹೇಳುವುದು ಅವನಿಗೆ ಬಹುಮಟ್ಟಿಗೆ ಅರ್ಥವಾಗುತ್ತದೆ. ಮೂರು ವರ್ಷಗಳಿಂದ ಕಂಕನಾಡಿಯ ಒಂದು ಅಪಾರ್ಟ್‌ಮೆಂಟಿನ ಮೂರನೆಯ ಮಹಡಿಯಲ್ಲಿ ಬಾಡಿಗೆಗೆ ಇದ್ದೇವೆ. ಮಾಲೀಕರು ಗಲ್ಫಿನಲ್ಲಿರುವುದರಿಂದ ಬಾಡಿಗೆ, ರಿಪೇರಿಗಳ ವ್ಯವಹಾರವನ್ನೆಲ್ಲ ಅವರ ತಮ್ಮ ನೋಡಿಕೊಳ್ಳುತ್ತಾರೆ. ಮೇ ಕೊನೆಗೆ ಕರಾರಿನ 11 ತಿಂಗಳು ಮುಗಿಯುತ್ತದೆ. ಈ ಸಲ ಮುಂದುವರಿಸುವುದಿಲ್ಲ, ಬೇರೆ ಮನೆ ನೋಡಿಕೊಳ್ಳಿ ಎಂದು ಅವರು ತಿಳಿಸಿದ್ದಾರೆ.

ಕಾರಣ ಮಗನ ಸಂಜೆಯ ಓಟ. ದೀಪ ಹಚ್ಚುವ ಹೊತ್ತಿಗೆ ಅವನು ಹಾಲಿನ ಬಾಗಿಲಿನಿಂದ ಅಡುಗೆಮನೆಯ ಗೋಡೆಯವರೆಗೆ ಓಡಿ, ಗೋಡೆಯನ್ನು ಅಂಗೈಯಿಂದ ಒಮ್ಮೆ ತಟ್ಟಿ, ತಿರುಗಿ ಬಾಗಿಲಿಗೆ ಓಡುತ್ತಾನೆ. ಇದು ಮುಕ್ಕಾಲು ಗಂಟೆ ನಡೆಯುತ್ತದೆ. ಅವನು ತಟ್ಟುವ ಜಾಗದಲ್ಲಿ ಬಣ್ಣ ಹೋಗಿ, ಅವನ ಕೈಯ ಅಳತೆಯ ಒಂದು ಮಸುಕು ಗುರುತು ಮೂಡಿದೆ. ಅವನು ಬೆಳೆದಂತೆ ಆ ಗುರುತೂ ಗೋಡೆಯಲ್ಲಿ ಮೇಲಕ್ಕೆ ಸರಿದಿದೆ. ಹಿಮ್ಮಡಿ ಊರಿ ಓಡುವ ಸದ್ದು ಕೆಳಗಿನ ಮನೆಗೆ ಹೇಗೆ ಕೇಳುತ್ತದೆಂದು ನನಗೆ ಗೊತ್ತು, ಏಕೆಂದರೆ ಒಂದು ಸಂಜೆ ನಾನೇ ಅಲ್ಲಿ ಕುಳಿತು ಕೇಳಿದ್ದೇನೆ. ಅಲ್ಲಿರುವವರು ವಯಸ್ಸಾದ ದಂಪತಿ. ಆ ಅಜ್ಜನಿಗೆ ಕಳೆದ ವರ್ಷ ಹೃದಯದ ಶಸ್ತ್ರಚಿಕಿತ್ಸೆಯಾಗಿದೆ. ಎರಡು ವರ್ಷ ಹೊಟ್ಟೆಗೆ ಹಾಕಿಕೊಂಡು, ಆಮೇಲೆ ಅಸೋಸಿಯೇಷನ್‌ಗೆ ಬರೆದುಕೊಟ್ಟರು. ಅವರ ಮೇಲೆ ನನಗೆ ಸಿಟ್ಟಿಲ್ಲ. ಆದರೆ ಅಸೋಸಿಯೇಷನ್‌ನವರು ನಮ್ಮನ್ನು ಒಂದು ಮಾತೂ ಕೇಳದೆ, ಲಿಫ್ಟಿನ ಪಕ್ಕದ ಬೋರ್ಡಿನಲ್ಲಿ ನಮ್ಮ ಮನೆಯ ನಂಬರ್ ಹಾಕಿ ನೋಟಿಸ್ ಅಂಟಿಸಿದ್ದು ಮಾತ್ರ ಬಹಳ ನೋವು ಕೊಟ್ಟಿತು.

ಇದುವರೆಗೆ ನಾಲ್ಕು ಮನೆ ನೋಡಿದೆವು. ಮೊದಲನೆಯ ಮನೆಯ ವಿಷಯದಲ್ಲಿ ಬ್ರೋಕರ್‌ಗೆ ಎಲ್ಲವನ್ನೂ ಹೇಳಿದೆವು. ಮರುದಿನ, ಮನೆ ಸಂಬಂಧಿಕರಿಗೆ ಬೇಕಂತೆ ಎಂಬ ಉತ್ತರ ಬಂತು, ಆದರೆ ಎರಡು ವಾರದ ಮೇಲೂ ಅದರ ಜಾಹೀರಾತು ಹಾಗೆಯೇ ಇತ್ತು. ಎರಡನೆಯ ಮನೆಯವರಿಗೆ ಏನನ್ನೂ ಹೇಳದೆ ಟೋಕನ್ ಅಡ್ವಾನ್ಸ್ ಕೊಟ್ಟೆವು. ಅಳತೆ ತೆಗೆಯಲು ಹೋದ ದಿನ ಮಗ ಮೆಟ್ಟಿಲಿನ ಬಳಿಯ ಸ್ವಿಚ್ಚನ್ನು ಹಾಕಿ ತೆಗೆದು ಮಾಡುತ್ತಾ, ಕಿವಿ ಮುಚ್ಚಿಕೊಂಡು ರಾಗವಾಗಿ ಕೂಗುತ್ತಾ ನಿಂತಿದ್ದನ್ನು ಅವರು ನೋಡಿದರು. ಸಂಜೆಯೊಳಗೆ ಟೋಕನ್ ವಾಪಸು ಬಂತು. ಉಳಿದೆರಡು ಮನೆಗಳು ನಮಗೇ ಹಿಡಿಸಲಿಲ್ಲ.

ಊರಿನ ಹೊರಗೆ ದೂರ ಹೋಗುವುದು ನಮಗೆ ಕಷ್ಟ. ವಾರಕ್ಕೆ ಮೂರು ದಿನ ಬೆಂದೂರ್‌ವೆಲ್‌ನಲ್ಲಿ ಸ್ಪೀಚ್ ಮತ್ತು ಆಕ್ಯುಪೇಶನಲ್ ಥೆರಪಿ (ಮಾತಿನ ಮತ್ತು ದಿನನಿತ್ಯದ ಚಟುವಟಿಕೆಗಳ ತರಬೇತಿ) ಇದೆ. ಸಿಟಿ ಬಸ್ಸಿನ ಹಾರ್ನ್, ಕಂಡಕ್ಟರ್ ಹೊಡೆಯುವ ವಿಶಲ್ ಇವೆರಡನ್ನು ಅವನು ಹತ್ತು ನಿಮಿಷಕ್ಕಿಂತ ಹೆಚ್ಚು ತಡೆಯಲಾರ. ನನ್ನ ಪತಿ ಬೈಕಂಪಾಡಿಯಲ್ಲಿ ಶಿಫ್ಟ್ ಕೆಲಸದಲ್ಲಿದ್ದಾರೆ. ಕಿನ್ನಿಗೋಳಿಯ ಹತ್ತಿರ ಮಾವನವರ ಹೆಂಚಿನ ಮನೆ ಖಾಲಿಯಿದೆ, ಅಲ್ಲಿ ಎಷ್ಟು ಓಡಿದರೂ ಕೇಳುವವರಿಲ್ಲ, ಬಾಡಿಗೆಯೂ ಇಲ್ಲ. ಸೋತ ದಿನ ಅಲ್ಲಿಗೇ ಹೋಗಿಬಿಡೋಣ ಎನಿಸುತ್ತದೆ. ಹೇಳಿದರೆ ಮನೆ ಸಿಗುವುದಿಲ್ಲ, ಹೇಳದಿದ್ದರೆ ಸಿಕ್ಕಿದ ಮನೆ ಉಳಿಯುವುದಿಲ್ಲ ಎಂಬ ಸ್ಥಿತಿಯಲ್ಲಿದ್ದೇವೆ. ಈ ದಾರಿಯಲ್ಲಿ ನಡೆದವರು, ಮಾಲೀಕರಿಗೆ ಯಾವಾಗ, ಹೇಗೆ ಹೇಳಿದಿರಿ ಎಂಬುದನ್ನೂ ಕರಾರಿನಲ್ಲಿ ಏನನ್ನು ಬರೆಸಿಕೊಳ್ಳಬೇಕೆಂಬುದನ್ನೂ ದಯವಿಟ್ಟು ತಿಳಿಸಿ.

ಉತ್ತರ – ಮಣಿಪಾಲದಿಂದ, 13 ವರ್ಷದ ಮಗಳ ತಾಯಿ

ಹೇಳಲೇಬೇಕು ಎಂಬುದು ನನ್ನ ಅಭಿಪ್ರಾಯ. ಮಗಳ ವಿಷಯ ತಿಳಿದ ಮೇಲೆ ನಾವು ಇಂದ್ರಾಳಿ, ಪರ್ಕಳ, ಈಗ ಮಣಿಪಾಲ ಎಂದು ಮೂರು ಮನೆ ಬದಲಿಸಿದ್ದೇವೆ. ಮುಚ್ಚಿಟ್ಟು ಸೇರಿದ ಇಂದ್ರಾಳಿಯ ಮನೆಯಲ್ಲಿ ಹತ್ತು ತಿಂಗಳು ನಾನು ಮಗಳನ್ನು "ಶ್‌, ಶ್‌" ಎನ್ನುತ್ತಲೇ ಕಳೆದೆ. ಕಾಲಿಂಗ್ ಬೆಲ್ ಆದರೆ ನನ್ನ ಎದೆ ಹೊಡೆದುಕೊಳ್ಳುತ್ತಿತ್ತು. ಕೊನೆಗೆ ಅವಳೂ ಬೆಲ್ ಆದ ಕೂಡಲೇ ಮಂಚದ ಕೆಳಗೆ ಹೋಗಲು ಕಲಿತಳು. ಅದನ್ನು ಕಂಡ ದಿನವೇ ನಾವು ಬೇರೆ ಮನೆ ಹುಡುಕಲು ಶುರುಮಾಡಿದೆವು.

ಆದರೆ ಬ್ರೋಕರ್ ಮೂಲಕ ಹೇಳಿಸಬೇಡಿ. ನಮ್ಮ ಮಾತು ಅವರ ಬಾಯಲ್ಲಿ "ಮಗುವಿಗೆ ಏನೋ ತಲೆಯದ್ದು ಸಮಸ್ಯೆಯಂತೆ" ಎಂದಾಗುತ್ತದೆ, ಅದನ್ನು ಕೇಳಿದ ಮಾಲೀಕರು ತಮಗೆ ತೋಚಿದ್ದನ್ನು ಊಹಿಸಿಕೊಳ್ಳುತ್ತಾರೆ. ಪರ್ಕಳದ ಮನೆ ನೋಡಲು ಮೊದಲ ದಿನ ನಾವಿಬ್ಬರೇ ಹೋದೆವು. ಮನೆ ಹಿಡಿಸಿ, ಬಾಡಿಗೆಯ ಮಾತು ಒಂದು ಹಂತಕ್ಕೆ ಬಂದಾಗ, ಟೋಕನ್ ಕೊಡುವ ಮೊದಲು, ಮಾಲೀಕರ ಮನೆಯಲ್ಲೇ ಕುಳಿತು ಹೇಳಿದೆವು. ಎರಡು ದಿನ ಬಿಟ್ಟು, ಅವಳು ಊಟ ಮಾಡಿ ಸಮಾಧಾನವಾಗಿರುವ ಹೊತ್ತು ನೋಡಿ ಅವಳನ್ನೂ ಕರೆದುಕೊಂಡು ಹೋದೆವು. ಮಗುವನ್ನು ಕಂಡ ಮೇಲೂ ಕೊಡಲಾರೆ ಎನ್ನುವವರ ಮನೆ ನಮಗೆ ಬೇಡವೆಂದು ಮೊದಲೇ ಮನಸ್ಸಿನಲ್ಲಿ ನಿಶ್ಚಯಿಸಿಕೊಂಡಿರಿ. ಆಗ ಮಾತಿನಲ್ಲಿ ಅಂಗಲಾಚುವ ದನಿ ಬರುವುದಿಲ್ಲ.

ಮಾಲೀಕರಿಗಿಂತಲೂ ಮುಖ್ಯರಾದವರು ಕೆಳಗಿನ ಮನೆಯವರು ಮತ್ತು ಗೋಡೆ ಹಂಚಿಕೊಂಡವರು. ಅವರಿಗೆ ಕೊಡಲು ನಾನು ಅರ್ಧ ಪುಟದ ಒಂದು ಪತ್ರ ಬರೆದಿಟ್ಟುಕೊಂಡಿದ್ದೇನೆ. ಅದರಲ್ಲಿ ಕಾಯಿಲೆಯ ವಿವರಣೆಯಿಲ್ಲ. "ನಮ್ಮ ಮಗಳಿಗೆ ಆಟಿಸಂ ಇದೆ. ಅವಳು ಕೆಲವೊಮ್ಮೆ ಗಟ್ಟಿಯಾಗಿ ಕೂಗುತ್ತಾಳೆ. ಅದು ಯಾರೋ ಹೊಡೆದು ಅತ್ತದ್ದಲ್ಲ, ಸದ್ದು ತಡೆಯಲಾರದೆ ಕೂಗುವುದು. ಲಿಫ್ಟಿನಲ್ಲಿ ನಿಮ್ಮ ಮುಖ ನೋಡದಿದ್ದರೆ ಅದು ಅಗೌರವವಲ್ಲ. ಅವಳೊಬ್ಬಳೇ ಮೆಟ್ಟಿಲಿಳಿಯುವುದನ್ನು ಕಂಡರೆ ದಯವಿಟ್ಟು ಕೈ ಹಿಡಿದು ಎಳೆಯಬೇಡಿ, ಎದುರು ನಿಂತು ಈ ನಂಬರಿಗೆ ಫೋನ್ ಮಾಡಿ. ರಾತ್ರಿ ಹತ್ತರ ಮೇಲೆ ಸದ್ದಾದರೆ ಸಂಕೋಚವಿಲ್ಲದೆ ತಿಳಿಸಿ." ಇಷ್ಟೇ ಇರುವುದು. ಹೊಡೆದು ಅತ್ತದ್ದಲ್ಲ ಎಂಬ ಸಾಲನ್ನು ಸೇರಿಸಿದ್ದು ಅನುಭವದಿಂದ. ಅದಿಲ್ಲದಿದ್ದಾಗ ಒಬ್ಬರು ನಮ್ಮ ಮೇಲೆ ಮಕ್ಕಳ ಸಹಾಯವಾಣಿ 1098ಕ್ಕೆ ಕರೆ ಮಾಡಿದ್ದರು. ಅವರು ಮಾಡಿದ್ದು ತಪ್ಪೆಂದು ನಾನು ಈಗಲೂ ಹೇಳುವುದಿಲ್ಲ.

ಮನೆಯ ಆಯ್ಕೆಯ ಬಗ್ಗೆಯೂ ಒಂದು ಮಾತು. ನೆಲಮಹಡಿ ಸಿಗದಿದ್ದರೆ, ಕೆಳಗೆ ವಾಹನ ನಿಲುಗಡೆ ಇರುವ ಕಟ್ಟಡದಲ್ಲಿ ಮೊದಲನೆಯ ಮಹಡಿಯನ್ನೇ ಹುಡುಕಿ. ನಿಮ್ಮ ನೆಲದ ಕೆಳಗೆ ಕಾರುಗಳಿರುತ್ತವೆಯೇ ಹೊರತು ಯಾರ ಮಲಗುವ ಕೋಣೆಯೂ ಇರುವುದಿಲ್ಲ. ಸಂಜೆಯ ಓಟದ ಅರ್ಧ ಸಮಸ್ಯೆ ಅಲ್ಲಿಗೇ ಮುಗಿಯುತ್ತದೆ. ಕೊನೆಯ ಮಹಡಿಯನ್ನು ಮಾತ್ರ ನೋಡಲೇಬೇಡಿ. ಪರ್ಕಳದಲ್ಲಿ ನಾವು ಮೋಸಹೋದದ್ದು ಹಾಗೆ. ಏಪ್ರಿಲ್‌ನಲ್ಲಿ ನೋಡಿದಾಗ ಗಾಳಿ, ಬೆಳಕು ಎಲ್ಲ ಚೆನ್ನಾಗಿತ್ತು. ನಮ್ಮ ಕಡೆ ಮಳೆನೀರು ಸೋರದಂತೆ ಟೆರೇಸಿನ ಮೇಲೆ ಪೂರ್ತಿ ಶೀಟು ಹಾಕಿರುತ್ತಾರಲ್ಲ, ಅದು ನಮ್ಮ ತಲೆಯ ಮೇಲೆಯೇ ಇತ್ತು. ಜೂನ್‌ನ ಮೊದಲ ದೊಡ್ಡ ಮಳೆಯ ರಾತ್ರಿ ಆ ಶೀಟಿನ ಸದ್ದಿಗೆ ಮಗಳು ತಲೆದಿಂಬನ್ನು ಎರಡೂ ಕಿವಿಗೆ ಒತ್ತಿಕೊಂಡು ಬಚ್ಚಲುಮನೆಯಲ್ಲಿ ಕುಳಿತಳು, ಏಕೆಂದರೆ ಇಡೀ ಮನೆಯಲ್ಲಿ ಸದ್ದು ಕಡಿಮೆಯಿದ್ದದ್ದು ಅಲ್ಲಿ ಮಾತ್ರ. ಸೆಪ್ಟೆಂಬರ್‌ವರೆಗೆ ಅವಳ ಹಾಸಿಗೆ ಬಚ್ಚಲುಮನೆಯ ಬಾಗಿಲ ಬಳಿಯೇ ಇತ್ತು. ಆದ್ದರಿಂದ ಮನೆಯನ್ನು ಒಮ್ಮೆ ಬೆಳಿಗ್ಗೆ ಆರಕ್ಕೆ, ನೀರಿನ ಮೋಟಾರ್ ಓಡುವಾಗ, ಇನ್ನೊಮ್ಮೆ ಸಂಜೆ ಏಳಕ್ಕೆ ಹೋಗಿ ನೋಡಿ. ಜನರೇಟರ್ ಎಲ್ಲಿದೆ, ಪಕ್ಕದ ಸೈಟಿನಲ್ಲಿ ಹೊಸ ಕಟ್ಟಡ ಏಳಲಿದೆಯೇ ಎಂದು ವಿಚಾರಿಸಿ. ನವರಾತ್ರಿಯಲ್ಲಿ ಹುಲಿವೇಷದವರು ಬಂದು ಕುಣಿಯುವ ಅಂಗಳ ಯಾವುದೆಂಬುದನ್ನೂ ಕೇಳಿಟ್ಟುಕೊಳ್ಳಿ. ಆಗ ಬಾರಿಸುವ ತಾಸೆ ವಾದ್ಯದ ಪೆಟ್ಟು ಕೇಳಿ ಕುಣಿದಾಡುವ ಮಕ್ಕಳೂ ಇದ್ದಾರೆ, ನನ್ನ ಮಗಳಿಗೆ ಮಾತ್ರ ಅದನ್ನು ತಡೆಯಲಾಗುವುದಿಲ್ಲ; ಆ ದಿನಗಳಲ್ಲಿ ನಾವು ಹೆಬ್ರಿಯ ಅತ್ತೆಯ ಮನೆಗೆ ಹೋಗುತ್ತೇವೆ.

ಉತ್ತರ – ಕದ್ರಿಯ ಒಬ್ಬ ಮನೆ ಮಾಲೀಕರು

ನಾನು ನಿವೃತ್ತ ಬ್ಯಾಂಕ್ ನೌಕರ. ಬಿಜೈಯಲ್ಲಿರುವ ನನ್ನ ಒಂದು ಫ್ಲ್ಯಾಟನ್ನು ನಾಲ್ಕು ವರ್ಷಗಳ ಹಿಂದೆ ಇಂಥದ್ದೇ ಒಂದು ಕುಟುಂಬಕ್ಕೆ ಬಾಡಿಗೆಗೆ ಕೊಟ್ಟಿದ್ದೇನೆ. ಮೊದಲು ಕೇಳಿದಾಗ ನಾನೂ ಹಿಂಜರಿದದ್ದು ನಿಜವೆಂದು ಒಪ್ಪಿಕೊಳ್ಳುತ್ತೇನೆ. ಗೋಡೆ, ಬಾಗಿಲು ಹಾಳಾಗುತ್ತದೆಂಬುದಕ್ಕಿಂತ, ಮಗು ಬಾಲ್ಕನಿಯಿಂದ ಬಿದ್ದರೆ ಏನು ಗತಿ, ಅಕ್ಕಪಕ್ಕದವರ ದೂರುಗಳಿಗೆಲ್ಲ ನಾನೇ ಉತ್ತರ ಕೊಡಬೇಕಾಗುತ್ತದಲ್ಲ ಎಂಬ ಭಯವೇ ದೊಡ್ಡದಾಗಿತ್ತು. ಈ ಭಯವನ್ನು ಮಾಲೀಕರು ಬಾಯಿಬಿಟ್ಟು ಹೇಳುವುದಿಲ್ಲ, ಸಂಬಂಧಿಕರಿಗೆ ಬೇಕಾಗಿದೆ ಎಂದುಬಿಡುತ್ತಾರೆ.

ನನ್ನ ಮನಸ್ಸು ಬದಲಾದದ್ದು ಆ ಹುಡುಗನ ತಂದೆಯಿಂದ. ಅವರು ಮನೆಯೊಳಗೆ ಬಂದವರೇ ಬಾಲ್ಕನಿಯ ಸರಳುಗಳ ಮಧ್ಯದ ಅಂತರವನ್ನು ಅಂಗೈಯಿಂದ ಅಳೆದು, "ಸರ್, ಇಲ್ಲಿ ನನ್ನ ಖರ್ಚಿನಲ್ಲೇ ಪೂರ್ತಿ ಗ್ರಿಲ್ ಹಾಕಿಸುತ್ತೇನೆ, ಹೋಗುವಾಗ ಬೇಡವೆಂದರೆ ತೆಗೆಸಿ ಕೊಡುತ್ತೇನೆ" ಎಂದರು. ಹಿಂದಿನ ಮಾಲೀಕರ ಫೋನ್ ನಂಬರನ್ನು ನಾನು ಕೇಳುವ ಮೊದಲೇ ಕೊಟ್ಟರು. ನನ್ನ ಭಯವೇನೆಂದು ಅವರಿಗೆ ನನಗಿಂತ ಮೊದಲೇ ಗೊತ್ತಿತ್ತು. ನಾಲ್ಕು ವರ್ಷದಲ್ಲಿ ಒಂದು ಬಾಗಿಲಿನ ಚಿಲಕ ಮುರಿದಿದೆ, ಅದನ್ನು ಅವರೇ ಹಾಕಿಸಿದ್ದಾರೆ. ನೀವು ಗೋಡೆಯ ಗುರುತಿನ ಬಗ್ಗೆ ಬರೆದಿದ್ದೀರಿ. ಮನೆ ಬಿಡುವ ಮೊದಲು ಆ ಒಂದು ಗೋಡೆಗೆ ಬಣ್ಣ ಹೊಡೆಸಿ ಕೊಡಿ. ಆಗ ಈಗಿನ ಮಾಲೀಕರು ನಿಮ್ಮ ಬಗ್ಗೆ ಮುಂದಿನವರಿಗೆ ಒಳ್ಳೆಯ ಮಾತು ಹೇಳುತ್ತಾರೆ, ನಿಮಗೆ ಈಗ ಅಡ್ವಾನ್ಸ್‌ಗಿಂತ ಹೆಚ್ಚು ಬೇಕಾಗಿರುವುದು ಆ ಮಾತು.

ಉತ್ತರ – ಮಂಗಳೂರಿನ ಒಬ್ಬ ವಕೀಲರು

ಕಾನೂನಿನ ಮಟ್ಟಿಗೆ ಕೆಲವು ವಿಷಯಗಳನ್ನು ತಿಳಿಸುತ್ತೇನೆ. 2016ರ ಅಂಗವಿಕಲ ವ್ಯಕ್ತಿಗಳ ಹಕ್ಕುಗಳ ಅಧಿನಿಯಮವು 2017ರ ಏಪ್ರಿಲ್ 19ರಂದು ಜಾರಿಗೆ ಬಂತು. ಅದು ಹೆಸರಿಸುವ 21 ಬಗೆಯ ಅಂಗವೈಕಲ್ಯಗಳಲ್ಲಿ ಆಟಿಸಂ ಕೂಡ ಒಂದು. ಅದರ 3ನೇ ಕಲಮು ಅಂಗವೈಕಲ್ಯದ ಕಾರಣಕ್ಕೆ ತಾರತಮ್ಯ ಮಾಡುವುದನ್ನು ನಿಷೇಧಿಸುತ್ತದೆ, 5ನೇ ಕಲಮು ಸಮುದಾಯದ ನಡುವೆ ಬದುಕುವ ಹಕ್ಕನ್ನು ಹೇಳುತ್ತದೆ. ಹಾಗೆಂದು, ಮನೆ ಕೊಡಲು ಒಪ್ಪದ ಖಾಸಗಿ ಮಾಲೀಕನನ್ನು ಕೋರ್ಟಿಗೆಳೆದು ಮನೆ ಪಡೆಯುವುದು ಕಾರ್ಯಸಾಧ್ಯವಾದ ದಾರಿಯಲ್ಲ. ಅಷ್ಟು ಹೊತ್ತಿಗೆ ನಿಮ್ಮ ಮಗು ಶಾಲೆ ಮುಗಿಸಿರುತ್ತದೆ. ಕಾನೂನು ನಿಮಗೆ ನಿಜವಾಗಿ ಆಸರೆಯಾಗುವುದು ಮನೆಯೊಳಗೆ ಸೇರಿದ ಮೇಲೆ.

ಬಾಡಿಗೆದಾರರನ್ನು ಮಾಲೀಕರಾಗಲಿ ಅಸೋಸಿಯೇಷನ್ ಆಗಲಿ ಬಲವಂತದಿಂದ ಹೊರಹಾಕುವಂತಿಲ್ಲ. ಕಾನೂನಿನ ಕ್ರಮವಿಲ್ಲದೆ ಹೊರಹಾಕಿದರೆ, 1963ರ ನಿರ್ದಿಷ್ಟ ಪರಿಹಾರ ಅಧಿನಿಯಮದ 6ನೇ ಕಲಮಿನಂತೆ ಆರು ತಿಂಗಳೊಳಗೆ ದಾವೆ ಹೂಡಿ ಸ್ವಾಧೀನವನ್ನು ಮರಳಿ ಪಡೆಯಬಹುದು. ನೋಟಿಸಿನ ವಿಷಯದಲ್ಲಿ ಬಹಳ ಜನ ಎಡವುತ್ತಾರೆ. ಕರಾರಿನಲ್ಲಿ ಬೇರೆ ಮಾತಿಲ್ಲದಿದ್ದರೆ, 1882ರ ಸ್ವತ್ತು ವರ್ಗಾವಣೆ ಅಧಿನಿಯಮದ 106ನೇ ಕಲಮಿನ ಪ್ರಕಾರ ತಿಂಗಳ ಬಾಡಿಗೆಗೆ 15 ದಿನದ ನೋಟಿಸ್ ಸಾಕು. ಆಟಿಸಂ ಇರುವ ಮಗುವಿಗೆ 15 ದಿನದಲ್ಲಿ ಮನೆ ಬದಲಿಸುವುದೆಂದರೆ ಏನೆಂದು ನಿಮಗೆ ಗೊತ್ತು. ಆದ್ದರಿಂದ ಎರಡೂ ಕಡೆಗೆ ಅನ್ವಯಿಸುವಂತೆ ಮೂರು ತಿಂಗಳ ನೋಟಿಸ್ ಎಂದು ಬರೆಸಿ, ಇದೊಂದರಲ್ಲಿ ಮಾತ್ರ ರಾಜಿಯಾಗಬೇಡಿ. ಗ್ರಿಲ್, ಬಾಗಿಲಿನ ಮೇಲ್ಗಡೆಯ ಚಿಲಕ, ಕಿಟಕಿಯ ಬಲೆ ಇವನ್ನು ಅಳವಡಿಸಲು ಅನುಮತಿಯಿದೆ ಎಂಬ ಸಾಲೂ ಇರಲಿ. ಅಡ್ವಾನ್ಸ್‌ನಿಂದ ರಿಪೇರಿ ಖರ್ಚು ಕಳೆಯುವುದಾದರೆ ಬಿಲ್ಲು ತೋರಿಸಿಯೇ ಕಳೆಯಬೇಕು ಎಂಬುದನ್ನೂ ಸೇರಿಸಿ. ಕೇಂದ್ರದ 2021ರ ಮಾದರಿ ಬಾಡಿಗೆ ಅಧಿನಿಯಮ ವಾಸದ ಮನೆಗೆ ಎರಡು ತಿಂಗಳ ಬಾಡಿಗೆಯಷ್ಟೇ ಠೇವಣಿ ಎನ್ನುತ್ತದೆ. ಆದರೆ ಅದು ಮಾದರಿ ಮಾತ್ರ, ರಾಜ್ಯ ಅಂಗೀಕರಿಸಿದರಷ್ಟೇ ಕಾನೂನಾಗುತ್ತದೆ. ಚೌಕಾಸಿಯಲ್ಲಿ ಹೇಳಲು ಬಳಸಿಕೊಳ್ಳಬಹುದು.

ಬೋರ್ಡಿನ ಮೇಲಿನ ನೋಟಿಸಿಗೆ ಲಿಖಿತ ಉತ್ತರ ಕೊಡಿ. ಮಗನ ಯುಡಿಐಡಿ ಕಾರ್ಡಿನ (ಅಂಗವಿಕಲರಿಗೆ ಸರ್ಕಾರ ಕೊಡುವ ಗುರುತಿನ ಚೀಟಿ) ಪ್ರತಿ ಲಗತ್ತಿಸಿ, ಓಟದ ಸದ್ದು ಕಡಿಮೆ ಮಾಡಲು ನೀವು ಮಾಡಿರುವ ಪ್ರಯತ್ನಗಳನ್ನು ತಿಳಿಸಿ, ಸ್ವೀಕೃತಿಯ ಸಹಿ ಪಡೆದುಕೊಳ್ಳಿ. ಅಂಗವಿಕಲ ವ್ಯಕ್ತಿಯನ್ನು ಸಾರ್ವಜನಿಕರ ಕಣ್ಣೆದುರು ಅವಮಾನಿಸುವ ಉದ್ದೇಶದಿಂದಲೇ ನಿಂದಿಸಿದರೆ ಅಥವಾ ಬೆದರಿಸಿದರೆ ಮೇಲೆ ಹೇಳಿದ 2016ರ ಅಧಿನಿಯಮದ 92ನೇ ಕಲಮಿನಡಿ ಆರು ತಿಂಗಳಿನಿಂದ ಐದು ವರ್ಷದವರೆಗೆ ಶಿಕ್ಷೆಯಿದೆ, ಹಕ್ಕು ಕಸಿದುಕೊಂಡ ದೂರುಗಳನ್ನು ವಿಚಾರಿಸಲು ಅಂಗವಿಕಲರ ರಾಜ್ಯ ಆಯುಕ್ತರೂ ಇದ್ದಾರೆ. ಆದರೆ ಅದು ಕೊನೆಯ ಮೆಟ್ಟಿಲು. ದಿನಾ ಒಂದೇ ಲಿಫ್ಟಿನಲ್ಲಿ ಹೋಗಬೇಕಾದವರೊಂದಿಗಿನ ಮಾತನ್ನು ಕಲಮಿನ ಸಂಖ್ಯೆಯಿಂದ ಆರಂಭಿಸಬೇಡಿ.

ಉತ್ತರ – ಸುರತ್ಕಲ್‌ನಿಂದ ಒಬ್ಬ ತಂದೆ

ಕಿನ್ನಿಗೋಳಿಯ ಹೆಂಚಿನ ಮನೆಯ ಬಗ್ಗೆ ಮಾತ್ರ ಬರೆಯುತ್ತೇನೆ. ಅಲ್ಲಿ ಬಾವಿ ಇದೆಯೇ? ಇದ್ದೇ ಇರುತ್ತದೆ, ನಮ್ಮ ಜಿಲ್ಲೆಯಲ್ಲಿ ಬಾವಿಯಿಲ್ಲದ ಹಿತ್ತಿಲು ಕಡಿಮೆ. ಆಟಿಸಂ ಇರುವ ಹಲವು ಮಕ್ಕಳು ಹೇಳದೆ ಹೊರಟುಬಿಡುತ್ತಾರೆ, ಹೊರಟವರು ನೀರಿನ ಕಡೆಗೇ ಹೋಗುವುದು ಹೆಚ್ಚು. ನನ್ನ ಮಗ ನಾಲ್ಕು ವರ್ಷದವನಿದ್ದಾಗ, ಊರ ಮನೆಯಲ್ಲಿ ಮಧ್ಯಾಹ್ನದ ಊಟದ ನಂತರ ಐದು ನಿಮಿಷ ಕಾಣೆಯಾದ. ನಾನು ಓಡಿಹೋದಾಗ ಬಾವಿಕಟ್ಟೆಯ ಮೇಲೆ ಹೊಟ್ಟೆಯೂರಿ ಮಲಗಿ, ಒಂದೊಂದೇ ಅಡಿಕೆಯನ್ನು ಕೆಳಗೆ ಬಿಟ್ಟು, ಅದು ನೀರಿಗೆ ಬಿದ್ದ ಸದ್ದು ಮೇಲೆ ಬರುವವರೆಗೆ ಕಾಯುತ್ತಿದ್ದ. ಅವನ ಕಾಲುಗಳು ನೆಲ ಬಿಟ್ಟಿದ್ದವು. ನಾನು ಕೂಗಲಿಲ್ಲ, ಕೂಗಿದರೆ ಬೆಚ್ಚಿಬೀಳುತ್ತಿದ್ದ. ಹಿಂದಿನಿಂದ ಹೋಗಿ ಚಡ್ಡಿಯನ್ನು ಹಿಡಿದುಕೊಂಡೆ.

ಆಮೇಲೆ ಬಾವಿಗೆ ಕಬ್ಬಿಣದ ಜಾಲರಿ ಹಾಕಿಸಿ ಬೀಗ ಜಡಿದೆವು. ಊರಿಗೆ ಹೋಗುವುದೇ ಆದರೆ ಮೊದಲು ಆ ಕೆಲಸ ಮಾಡಿಸಿ, ಆಮೇಲೆ ಮಗುವನ್ನು ಕರೆದುಕೊಂಡು ಹೋಗಿ. ಅಪಾರ್ಟ್‌ಮೆಂಟಿನಲ್ಲೂ ನೆಲದ ಸಂಪಿನ ಮುಚ್ಚಳ ಭದ್ರವಾಗಿದೆಯೇ, ಟೆರೇಸಿನ ಬಾಗಿಲಿಗೆ ಬೀಗವಿದೆಯೇ, ಈಜುಕೊಳವಿದ್ದರೆ ಅದಕ್ಕೆ ಗೇಟಿದೆಯೇ ಎಂದು ಕಣ್ಣಾರೆ ನೋಡಿ. ವಾಚ್‌ಮ್ಯಾನ್‌ಗೆ ಮಗನ ಫೋಟೋ ಮತ್ತು ನಿಮ್ಮ ನಂಬರ್ ಕೊಡಿ. ನಮ್ಮ ಕಡೆ ವಾಚ್‌ಮ್ಯಾನ್‌ಗಳು ಆಗಾಗ ಬದಲಾಗುತ್ತಾರೆ, ಹೊಸಬರು ಬಂದಾಗಲೆಲ್ಲ ಮತ್ತೆ ಹೇಳಬೇಕು.

ಉತ್ತರ – ಉಡುಪಿಯ ಒಬ್ಬ ಆಕ್ಯುಪೇಶನಲ್ ಥೆರಪಿಸ್ಟ್

ಸಂಜೆಯ ಓಟವನ್ನು ನಿಲ್ಲಿಸಲು ಹೋಗಬೇಡಿ, ಅದು ಅವನ ದೇಹ ಬೇಡುತ್ತಿರುವ ಕೆಲಸ. ಓಟದ ಹೊತ್ತಿಗೆ ಅರ್ಧ ಗಂಟೆ ಮೊದಲು ಭಾರದ ಕೆಲಸಗಳನ್ನು ಕೊಟ್ಟು ನೋಡಿ: ನೀರು ತುಂಬಿದ ಸಣ್ಣ ಬಕೆಟ್ ಹೊರುವುದು, ಅಕ್ಕಿಯ ಚೀಲ ತಳ್ಳುವುದು, ಚಪಾತಿ ಹಿಟ್ಟು ನಾದುವುದು, ಗೋಡೆಗೆ ಎರಡೂ ಕೈ ಕೊಟ್ಟು ನೂಕುವುದು. ಕೆಲವು ಮಕ್ಕಳಲ್ಲಿ ಓಟದ ಅವಧಿ ಇದರಿಂದ ತಗ್ಗುತ್ತದೆ. ನಿಮ್ಮ ಥೆರಪಿಸ್ಟ್ ಜೊತೆ ಮಾತಾಡಿ ಅವನಿಗೆ ಹೊಂದುವುದನ್ನು ಆರಿಸಿಕೊಳ್ಳಿ. ಓಡುವ ದಾರಿಯುದ್ದಕ್ಕೂ ಒಂದಕ್ಕೊಂದು ಸಿಕ್ಕಿಸುವ ದಪ್ಪ ಫೋಮ್ ಮ್ಯಾಟ್ ಹಾಸಿದರೆ ಹಿಮ್ಮಡಿಯ ಸದ್ದು ಬಹಳಷ್ಟು ಇಳಿಯುತ್ತದೆ. ಹೊಸ ಮನೆಗೂ ಅದೇ ಮ್ಯಾಟ್, ಅದೇ ಪರದೆ, ಅದೇ ಬೆಡ್‌ಶೀಟ್‌ಗಳು ಹೋಗಲಿ. ಹೊಸತನ್ನು ಕೊಳ್ಳುವ ಆಸೆಯನ್ನು ಆರು ತಿಂಗಳು ಮುಂದೆ ಹಾಕಿ.

ಪ್ರಶ್ನೆ ಕೇಳಿದವರಿಂದ, ಮೂರು ವಾರಗಳ ನಂತರ

ಎಲ್ಲರ ಉತ್ತರಗಳನ್ನೂ ನಾನು ಮತ್ತು ನನ್ನ ಪತಿ ಒಟ್ಟಿಗೆ ಕುಳಿತು ಓದಿದೆವು. ಬಾವಿಯ ವಿಷಯ ಓದಿದ ರಾತ್ರಿಯೇ ಕಿನ್ನಿಗೋಳಿಯ ಯೋಚನೆ ಬಿಟ್ಟೆವು.

ಕುಲಶೇಖರದಲ್ಲಿ ಒಂದು ಮನೆ ಸಿಕ್ಕಿದೆ. ಮೊದಲನೆಯ ಮಹಡಿ, ಕೆಳಗೆ ಪಾರ್ಕಿಂಗ್, ಶೀಟು ಇರುವ ಟೆರೇಸ್ ನಮ್ಮ ಮೇಲೆ ನಾಲ್ಕು ಮಹಡಿ ದಾಟಿ ಇದೆ. ಮಾಲೀಕರು ನಿವೃತ್ತ ಶಿಕ್ಷಕಿ. ಮಣಿಪಾಲದ ಅಕ್ಕ ಬರೆದ ರೀತಿಯಲ್ಲೇ ಪತ್ರ ಬರೆದು, ನಾವಿಬ್ಬರೇ ಹೋಗಿ ಕೊಟ್ಟೆವು. ಅವರು ಕನ್ನಡಕ ಹಾಕಿಕೊಂಡು, ನಿಂತಲ್ಲೇ ಎರಡು ಸಲ ಓದಿ, "ಇದರಲ್ಲಿ ಅವನು ಏನು ಮಾಡುವುದಿಲ್ಲ ಎಂದೇ ಇದೆಯಲ್ಲ, ಅವನಿಗೆ ಏನು ಇಷ್ಟ ಎಂದು ಬರೆದಿಲ್ಲವಲ್ಲ?" ಎಂದು ಕೇಳಿದರು. ನನಗೆ ಥಟ್ಟನೆ ಉತ್ತರ ಹೊಳೆಯಲಿಲ್ಲ. ನನ್ನ ಪತಿ, "ರೈಲಿನ ಸದ್ದು ಮತ್ತು ಗೋಳಿಬಜೆ" ಎಂದರು. ಪತ್ರದಲ್ಲಿ ಈಗ ಆ ಸಾಲನ್ನೂ ಸೇರಿಸಿದ್ದೇನೆ.

ನೋಟಿಸಿನ ಅವಧಿ ಮೂರು ತಿಂಗಳೆಂದು ಕೇಳಿದೆವು, ಎರಡಕ್ಕೆ ಒಪ್ಪಿದರು. ವಕೀಲರು ರಾಜಿಯಾಗಬೇಡಿ ಎಂದಿದ್ದರು, ಆದರೂ ಮನೆ ನೋಡಿ ಒಪ್ಪಿಕೊಂಡೆವು. ಗ್ರಿಲ್ ಮತ್ತು ಚಿಲಕದ ಸಾಲು ಕರಾರಿನಲ್ಲಿದೆ. ಹಳೆಯ ಮನೆಯ ಗೋಡೆಗೆ ಈ ಭಾನುವಾರ ಬಣ್ಣ ಹೊಡೆಸುತ್ತಿದ್ದೇವೆ; ಅದಕ್ಕೆ ಮೊದಲು ಆ ಕೈಗುರುತಿನ ಒಂದು ಫೋಟೋ ತೆಗೆದಿಟ್ಟುಕೊಂಡೆ. ಕೆಳಗಿನ ಮನೆಯ ಅಜ್ಜಿಗೆ ವಿಷಯ ತಿಳಿಸಲು ಹೋದಾಗ ಅವರು ಬಹಳ ಹೊತ್ತು ನನ್ನ ಕೈ ಹಿಡಿದುಕೊಂಡಿದ್ದರು.

ಕೀಲಿಕೈಯನ್ನು ಒಂದು ವಾರ ಮೊದಲೇ ಕೊಡುತ್ತೇನೆಂದು ಶಿಕ್ಷಕಿಯವರು ಹೇಳಿದ್ದಾರೆ. ದಿನಾ ಸಂಜೆ ಮಗನನ್ನು ಆ ಖಾಲಿ ಮನೆಗೆ ಕರೆದುಕೊಂಡು ಹೋಗಿ ಓಡಲು ಬಿಡುವುದೆಂದು ಯೋಚಿಸಿದ್ದೇವೆ. ಸುರತ್ಕಲ್‌ನ ಅಣ್ಣನವರಲ್ಲಿ ಒಂದು ವಿನಂತಿ: ಮುಖ್ಯ ಬಾಗಿಲಿಗೆ ನೀವು ಯಾವ ಬಗೆಯ ಚಿಲಕ ಹಾಕಿಸಿದ್ದೀರಿ, ನೆಲದಿಂದ ಎಷ್ಟು ಎತ್ತರದಲ್ಲಿ? ನಮ್ಮವನು ಕುರ್ಚಿ ಎಳೆದು ಹತ್ತಲು ಕಲಿತಿದ್ದಾನೆ.